ಭಾನುವಾರದ ಕಾಲ್: ಯೂನಿವರ್ಸಿಟಿ ಯಾಕೆ ಸಾಕಾಯ್ತು?

ಎಲ್ಲರಿಗೂ ಯೇಸುವಿನ ನಾಮದಲ್ಲಿ ವಂದನೆಗಳು.

ನಮ್ಮ ಗುಂಪಿನ ತಮ್ಮನೊಬ್ಬ "ಯೂನಿವರ್ಸಿಟಿ ಸಾಕಾಯ್ತು, ಬಿಟ್ಟುಬಿಡ್ತೀನಿ" ಅಂತ ಬರೆದದ್ದನ್ನು ಓದಿದ್ದೀರಿ. ಕೂಡಲೇ ಬೈಬಲ್ ವಚನಗಳ ಫಾರ್ವರ್ಡ್ ಶುರುವಾಯಿತು. ದಯವಿಟ್ಟು ಅದು ಬೇಡ. ವಚನ ಗೊತ್ತಿಲ್ಲದೆ ಅವನು ಬರೆದದ್ದಲ್ಲ.

ಸತ್ಯ ಹುಡುಕೋಣ ಅಂತ ಹೋದವನಿಗೆ ಸಿಕ್ಕಿದ್ದು ಹಾಜರಾತಿ, ಮಾರ್ಕ್ಸ್, ಹಳೇ ನೋಟ್ಸು. ಕ್ಲಾಸಲ್ಲಿ "ಇಷ್ಟೆಲ್ಲ ಕಲಿಯೋದು ಯಾಕೆ?" ಅಂತ ಕೇಳಿದರೆ "ಅದು ಸಿಲಬಸ್‌ನಲ್ಲಿಲ್ಲ" ಅಂದರಂತೆ. ಹಿಂದಿನ ಬೆಂಚಿನಿಂದ "ಪಾದ್ರಿ ಶುರು ಮಾಡಿದ" ಅಂತ ನಗು ಬೇರೆ.

ತಮಾಷೆ ನೋಡಿ, 1636ರಲ್ಲಿ ಹಾರ್ವರ್ಡ್ ಶುರುವಾಗಿದ್ದರ ಹಿಂದೆ ಸಭಾಪಾಲಕರನ್ನು ತಯಾರು ಮಾಡುವ ಉದ್ದೇಶವಿತ್ತು. ಆಕ್ಸ್‌ಫರ್ಡಿನ ಧ್ಯೇಯವಾಕ್ಯ ಇವತ್ತಿಗೂ ಬೈಬಲಿನ 27ನೇ ಕೀರ್ತನೆಯದ್ದು. ಹಾಗಂತ ಆ ಕಾಲವೇ ಚೆನ್ನಾಗಿತ್ತು ಅಂತ ಯಾರೂ ಕೊರಗಬೇಡಿ. ಅದೇ ಆಕ್ಸ್‌ಫರ್ಡಿನಲ್ಲಿ ಇಂಗ್ಲೆಂಡಿನ ಅಧಿಕೃತ ಸಭೆಯಾದ ಆಂಗ್ಲಿಕನ್ ಸಭೆಯನ್ನು ಒಪ್ಪದ ಕ್ರೈಸ್ತರಿಗೂ 1871ರ ಕಾಯ್ದೆ ಬರುವ ತನಕ ಅನೇಕ ಬಾಗಿಲು ಮುಚ್ಚಿದ್ದವು.

ನನಗನ್ನಿಸೋದು, ಅವನ ಬೇಸರದಲ್ಲಿ ಒಂದು ಪಾಲು ನಂಬಿಕೆಗೆ ಸಂಬಂಧಿಸಿದ್ದು. ಉಳಿದದ್ದು ಬರೀ ಕೆಟ್ಟ ಪಾಠ. ಅದು ಯಾರಿಗಾದರೂ ಬೇಸರವೇ ಅಲ್ವಾ? ಸುಮ್ನೆ ಸೈತಾನನನ್ನು ಎಳೆದು ತರಬೇಡಿ.

ಭಾನುವಾರ ಸಂಜೆ 7ಕ್ಕೆ ಗ್ರೂಪ್ ಕಾಲ್. ಓದು ಮುಗಿಸಿದವರು ಮಾತ್ರವಲ್ಲ, ನಡುವೆ ಬಿಟ್ಟವರೂ ಬನ್ನಿ. ಅವರ ಮಾತೇ ಅವನಿಗೆ ಜಾಸ್ತಿ ಬೇಕು. ಮೊದಲು ಅವನು ಪೂರ್ತಿ ಹೇಳಿ ಮುಗಿಸಲಿ, ಪ್ರಾರ್ಥನೆ ಆಮೇಲೆ. ಮತ್ತೆ, ಸ್ಕ್ರೀನ್‌ಶಾಟ್ ಹೊರಗೆ ಹೋಗಬಾರದು. ಮನೆಯವರಿಗೆ ಅವನೇ ಹೇಳಿಕೊಳ್ಳುತ್ತಾನೆ.