ಎಚ್ಚೆನ್ ಮೇಷ್ಟ್ರ ಬಗ್ಗೆ ಸೀನನಿಗೆ

ಪ್ರೀತಿಯ ಸೀನ,

ನಿನ್ನ ಕಾಗದ ಬಂತು. ನಿಮ್ಮ ಶಾಲೆಯ ಶಿಕ್ಷಕರ ದಿನಾಚರಣೆಗೆ ನೀನು ಮಾತಾಡುವುದು, ಅದೂ ನಮ್ಮ ಎಚ್. ನರಸಿಂಹಯ್ಯನವರ ಬಗ್ಗೆ. ಕೇಳಿ ಖುಷಿಯಾಯಿತು. ಆದರೆ ನೀನು ಕಳಿಸಿದ ಟಿಪ್ಪಣಿ ನೋಡಿ ಸ್ವಲ್ಪ ಬೇಜಾರೂ ಆಯಿತು ಕಣೋ. ಎರಡು ಪುಟದಲ್ಲಿ ಒಂದೂವರೆ ಪುಟ ಬರೀ ಪವಾಡ ಸಮಿತಿಯೇ ತುಂಬಿಕೊಂಡಿದೆ.

ಆ ಕಥೆ ದೊಡ್ಡದೇ, ಇಲ್ಲ ಅನ್ನುವುದಿಲ್ಲ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು. ಸತ್ಯ ಸಾಯಿಬಾಬಾ ಅವರಿಗೆ ಪತ್ರ ಬರೆದರು, ಉತ್ತರ ಬರಲಿಲ್ಲ, ದೇಶದ ತುಂಬ ಗಲಾಟೆಯಾಯಿತು. ಇದು ಎಲ್ಲರಿಗೂ ಗೊತ್ತು. ಐದು ನಿಮಿಷದಲ್ಲಿ ಹೇಳಿ ಮುಗಿಸು. ಅವರು ಬದುಕಿದ್ದು ಎಂಬತ್ತನಾಲ್ಕು ವರ್ಷ. ಆ ಒಂದೆರಡು ವರ್ಷದ ಜಗಳವನ್ನೇ ಹಿಡಿದುಕೊಂಡರೆ ಉಳಿದ ವರ್ಷಗಳ ಗತಿಯೇನು?

ಹೊಸೂರಿನಿಂದ ಶುರು ಮಾಡು. ತಮಿಳುನಾಡಿನ ಹೊಸೂರಲ್ಲ, ಗೌರಿಬಿದನೂರು ತಾಲ್ಲೂಕಿನ ಹೊಸೂರು. ಅದನ್ನು ಬಿಡಿಸಿ ಹೇಳು, ಜನ ತಪ್ಪು ತಿಳಿಯುತ್ತಾರೆ. 1920ರಲ್ಲಿ ಅಲ್ಲಿ ಬಡವರ ಮನೆಯಲ್ಲಿ ಹುಟ್ಟಿದರು. ಊರಿನಲ್ಲಿ ಹೈಸ್ಕೂಲ್ ಇರಲಿಲ್ಲ. 1935ರಲ್ಲಿ ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಲು ಬಸ್ಸಿಗೆ ದುಡ್ಡಿಲ್ಲದೆ ಬೆಂಗಳೂರಿಗೆ ನಡೆದೇ ಬಂದರು. ಸುಮಾರು ಎಂಬತ್ತು ಕಿಲೋಮೀಟರ್, ಎರಡು ದಿನದ ದಾರಿ. ನಿಮ್ಮ ಮಕ್ಕಳಿಗೆ ಇದನ್ನು ಹೇಳುವಾಗ ದಯವಿಟ್ಟು 'ಈಗಿನ ಕಾಲದವರು' ಅಂತ ಬೈಯಬೇಡ. ಹದಿನೈದು ವರ್ಷದ ಹುಡುಗ ಓದಲು ಅಷ್ಟು ದೂರ ನಡೆಯಬೇಕಾಗಿ ಬಂದದ್ದು ನಾಚಿಕೆಯ ವಿಷಯ, ಅಲ್ವಾ? ಅವರಿಗೂ ಹಾಗೇ ಅನ್ನಿಸಿರಬೇಕು. ಇಲ್ಲದಿದ್ದರೆ ಮುಂದೆ ಅದೇ ಹೊಸೂರಿನಲ್ಲಿ ಹೈಸ್ಕೂಲು, ಗೌರಿಬಿದನೂರು ಮತ್ತು ಬಾಗೇಪಲ್ಲಿಯಲ್ಲಿ ಕಾಲೇಜು ಆಗಲಿ ಅಂತ ಯಾಕೆ ಓಡಾಡುತ್ತಿದ್ದರು? ಆ ಬರದ ಸೀಮೆಯಲ್ಲಿ ಕಾಲೇಜು ನಡೆಸುವುದು ಹುಡುಗಾಟವಲ್ಲ.

ಆಮೇಲಿನದು ಬೇಗ ಹೇಳಬಹುದು. ಸೆಂಟ್ರಲ್ ಕಾಲೇಜಿನಲ್ಲಿ ಫಿಸಿಕ್ಸ್. 1942ರಲ್ಲಿ ಓದು ಬಿಟ್ಟು ಚಳವಳಿಗೆ ಇಳಿದರು, ಜೈಲಿಗೆ ಹೋದರು. ಹೊರಗೆ ಬಂದು ಎಂಎಸ್ಸಿ ಮುಗಿಸಿ 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಮೇಷ್ಟ್ರಾದರು. ಅಮೆರಿಕದ ಒಹಾಯೋ ಸ್ಟೇಟ್ ಯೂನಿವರ್ಸಿಟಿಯಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್ ಓದಿ 1960ರಲ್ಲಿ ಡಾಕ್ಟರೇಟ್ ಪಡೆದರು. ಆ ಕಾಲಕ್ಕೆ ಅಂಥ ಡಿಗ್ರಿ ಇದ್ದವರಿಗೆ ಎಲ್ಲಿ ಬೇಕಾದರೂ ಕೆಲಸ ಸಿಗುತ್ತಿತ್ತು. ಇವರು ಬಂದದ್ದು ಅದೇ ಬಸವನಗುಡಿಗೆ, ಅದೇ ಕಾಲೇಜಿಗೆ.

ವಾಸ ಹಾಸ್ಟೆಲಿನಲ್ಲೇ. ನೀನು ಅಲ್ಲೇ ಇದ್ದವನು, ನಿನಗೆ ನಾನು ಹೇಳಬೇಕಾಗಿಲ್ಲ. ಪ್ರಿನ್ಸಿಪಾಲರಾದಾಗಲೂ ಅಲ್ಲೇ, ಕುಲಪತಿಯಾದಾಗಲೂ ಅಲ್ಲೇ. ಜನ ಇದನ್ನು ದೊಡ್ಡ ತ್ಯಾಗ ಅಂತ ವರ್ಣಿಸುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಖಾದಿ ಜುಬ್ಬ, ಗಾಂಧಿ ಟೋಪಿ, ಒಂದು ರೂಮು, ಸುತ್ತ ಹುಡುಗರು. ಅವರಿಗೆ ಅದೇ ಹಿತವಾಗಿತ್ತು ಅನ್ನಿಸುತ್ತದೆ. ಒಂದು ಮಾತು ಮಾತ್ರ ನಿನ್ನ ಭಾಷಣದಲ್ಲಿ ಸೇರಿಸು. ಅವರು ಮದುವೆಯಾಗಲಿಲ್ಲ. ಮನೆ, ಮಕ್ಕಳು, ಸಾಲ, ಅಮ್ಮನ ಬಿಪಿ ಮಾತ್ರೆ ಎಲ್ಲ ನೋಡಿಕೊಂಡು ಪಾಠ ಮಾಡುವ ಮೇಷ್ಟ್ರು, ಟೀಚರಮ್ಮಂದಿರು ನಿನ್ನ ಎದುರಿಗೆ ಕೂತಿರುತ್ತಾರೆ. ಎಚ್ಚೆನ್ ಅವರನ್ನು ತೋರಿಸಿ ಅವರನ್ನು ಅಳೆಯಬೇಡ.

ನನ್ನನ್ನು ಕೇಳಿದರೆ ಅವರ ದೊಡ್ಡ ಕೆಲಸ ಬೆಂಗಳೂರು ಸೈನ್ಸ್ ಫೋರಂ. ಶುರುವಾದದ್ದು 1962ರಲ್ಲಿ. ವಾರ ವಾರ ಬುಧವಾರ ಸಂಜೆ ಒಂದು ವಿಜ್ಞಾನದ ಉಪನ್ಯಾಸ, ಜುಲೈ ಬಂದರೆ ವಿಜ್ಞಾನದ ಹಬ್ಬ. ಯಾರು ಬೇಕಾದರೂ ಬಂದು ಕೂರಬಹುದು. ನನಗೆ ನೆನಪಿರುವುದು ಉಪನ್ಯಾಸಕ್ಕಿಂತ ಜಾಸ್ತಿ ಅಲ್ಲಿ ಬರುತ್ತಿದ್ದ ಜನ. ಗಾಂಧಿ ಬಜಾರಿನಲ್ಲಿ ತರಕಾರಿ ಕೊಂಡು ಬಟ್ಟೆ ಚೀಲ ಹಿಡಿದೇ ಒಳಗೆ ಬರುವ ರಿಟೈರ್ಡ್ ಗುಮಾಸ್ತರು. ಚಪ್ಪಲಿ ಕಳಚಿ ಕಾಲು ಮಡಚಿ ಕೂತು, ಕೊನೆಯಲ್ಲಿ ಎದ್ದು ನಿಂತು ಕಪ್ಪುಕುಳಿಯ ಬಗ್ಗೆ ಪ್ರಶ್ನೆ ಕೇಳುತ್ತಿದ್ದರು. ಪ್ರಶ್ನೆ ಸುಮ್ನೆ ಉದ್ದವಾಗಿರುತ್ತಿತ್ತು, ಕೆಲವೊಮ್ಮೆ ಉತ್ತರಕ್ಕಿಂತಲೂ ಉದ್ದ. ಹಿಂದಿನ ಬೆಂಚಿನಲ್ಲಿ ನಾವು ನಗುತ್ತಿದ್ದೆವು. ಈಗ ಅನ್ನಿಸುತ್ತದೆ, ಅಷ್ಟು ದೊಡ್ಡ ವಿಜ್ಞಾನಿಯನ್ನು ಎದ್ದು ನಿಂತು ಪ್ರಶ್ನಿಸಲು ಆ ಗುಮಾಸ್ತರಿಗೆ ಬೇರೆ ಎಲ್ಲಿ ಜಾಗ ಸಿಗುತ್ತಿತ್ತು?

ಒಂದು ವರ್ಷ ಹುಮ್ಮಸ್ಸಿನಲ್ಲಿ ಇಂಥದ್ದನ್ನು ಯಾರೂ ನಡೆಸಬಹುದು. ನಾವೂ ಓಣಿಯಲ್ಲಿ ಗಣೇಶನ ಕಮಿಟಿ ಮಾಡಿದವರೇ ತಾನೆ! ದಶಕಗಳ ಕಾಲ ನಡೆಸುವುದು ಬೇರೆ. ಪ್ರತಿ ವಾರ ಒಬ್ಬ ಉಪನ್ಯಾಸಕರನ್ನು ಒಪ್ಪಿಸಬೇಕು. ಹಾಲ್ ಬೀಗ ತೆಗೆಸಬೇಕು, ಮೈಕ್ ನೋಡಬೇಕು, ಪ್ರೊಜೆಕ್ಟರ್ ಕೈಕೊಟ್ಟರೆ ರಿಪೇರಿಯವನನ್ನು ಹುಡುಕಬೇಕು. ಮಳೆ ಬಂದು ಹತ್ತೇ ಜನ ಕೂತಿದ್ದರೂ ಬಂದವರಿಗೆ ಮರ್ಯಾದೆ ಕಡಿಮೆಯಾಗಬಾರದು. ಇದು ಪೇಪರಿನಲ್ಲಿ ಬರುವ ಸುದ್ದಿಯಲ್ಲ. ಪವಾಡ ಸಮಿತಿ ಬಹಳ ದಿನ ಬಾಳಲಿಲ್ಲ. ಅವರು 2005ರ ಜನವರಿ 31ರಂದು ತೀರಿಕೊಂಡ ಮೇಲೂ ಬುಧವಾರದ ಉಪನ್ಯಾಸ ನಿಲ್ಲಲಿಲ್ಲ.

ಇನ್ನೊಂದು ವಿಷಯ ಮರೆಯುವ ಮುಂಚೆ ಹೇಳುತ್ತೇನೆ. ವಿಚಾರವಾದಿ ಅಂದರೆ ಒಣ ಮನುಷ್ಯ ಅಂದುಕೊಂಡವರು ನಿಮ್ಮ ಶಾಲೆಯಲ್ಲೂ ಇರುತ್ತಾರೆ. ಬೆಂಗಳೂರು ಲಲಿತಕಲಾ ಪರಿಷತ್ತನ್ನು ಕಟ್ಟಿ ಸಂಗೀತ, ನಾಟಕಕ್ಕೆ ಜಾಗ ಮಾಡಿಕೊಟ್ಟವರೂ ಇವರೇ ಅಂತ ಅವರಿಗೆ ಹೇಳು. ಜಯನಗರದ ನ್ಯಾಷನಲ್ ಕಾಲೇಜಿನಲ್ಲಿರುವ ಕಲಾಕ್ಷೇತ್ರಕ್ಕೆ ಅವರದೇ ಹೆಸರಿದೆ. ಕಛೇರಿಯಲ್ಲಿ ಹಾಡುವುದು ದೇವರ ನಾಮವೇ ತಾನೇ ಅಂತ ಯಾರಾದರೂ ಕೊಂಕು ತೆಗೆದರೆ ನಕ್ಕು ಬಿಡು.

ಪದ್ಮಭೂಷಣ, ವಿಧಾನ ಪರಿಷತ್ತಿನ ಸದಸ್ಯತ್ವ, ಅವೆಲ್ಲ ನಿಮ್ಮ ಹೆಡ್ಮಾಸ್ಟರು ಪರಿಚಯ ಮಾಡುವಾಗ ಓದಲಿ. ನೀನು ಆ ಗುಮಾಸ್ತರ ವಿಷಯ ಹೇಳು. ಸಾಧ್ಯವಾದರೆ ಭಾಷಣ ಮುಗಿದ ಮೇಲೆ ನಿಮ್ಮ ಹೆಡ್ಮಾಸ್ಟರನ್ನು ಕೇಳು, ವಾರಕ್ಕೊಂದು ಸಂಜೆ ಒಂದು ಕ್ಲಾಸ್‌ರೂಮಿನ ಬೀಗದ ಕೈ ಕೊಡುತ್ತೀರಾ ಅಂತ. ಹೇಗೂ ಮುಂದಿನ ವರ್ಷ ರಿಟೈರ್ ಆಗುತ್ತೀಯ, ಮನೆಯಲ್ಲಿ ಕೂತು ಸರೋಜಳ ತಲೆ ತಿನ್ನುವುದಕ್ಕಿಂತ ಅದು ವಾಸಿ. ಮೊದಲನೇ ವಾರ ಮಾತಾಡಲು ಯಾರೂ ಸಿಗದಿದ್ದರೆ ನಾನು ಬರುತ್ತೇನೆ. ರಾತ್ರಿ ಬಸ್ಸಿಗೆ ಹತ್ತಿದರೆ ಬೆಳಗ್ಗೆ ದಾವಣಗೆರೆ, ಬೆಣ್ಣೆ ದೋಸೆ ಖರ್ಚು ನಿನ್ನದು.

ಅವರ ಆತ್ಮಕಥೆ 'ಹೋರಾಟದ ಹಾದಿ' ನನ್ನ ಹತ್ತಿರ ಇದೆ. ನಾಳೆ ಕೊರಿಯರ್ ಮಾಡುತ್ತೇನೆ. ಓದಿ ವಾಪಸ್ ಕಳಿಸು. ಹೋದ ಸಲ ಒಯ್ದ ಎರಡು ಪುಸ್ತಕ ಇನ್ನೂ ನಿನ್ನ ಹತ್ತಿರವೇ ಇವೆ.

ನಿನ್ನ,
ರಘು