ಕರಡು ಬರೆಯುವ ಮುಂಚೆ

ಚಿ. ಮಾನಸಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮೂಲನಿವಾಸಿ ಸಮುದಾಯಗಳ ಆರೋಗ್ಯ ನೀತಿ ರೂಪಿಸುವ ತಂಡಕ್ಕೆ ನೀನು ಸೇರಿದ್ದು ತಿಳಿದು ತುಂಬ ಸಂತೋಷವಾಯಿತು. ಆದರೆ ಕರಡು ಸಿದ್ಧವಾದ ಮೇಲೆ ಸಮುದಾಯದವರನ್ನು ಕರೆದು ಅಭಿಪ್ರಾಯ ಕೇಳುತ್ತೇವೆ ಅಂತ ಬರೆದಿದ್ದೀಯಲ್ಲ, ನನ್ನ ಆತಂಕವೆಲ್ಲ ಅಲ್ಲೇ. ಆಗ ಕೇಳಿದರೆ ಅವರಿಗೆ ರುಜು ಹಾಕುವ ಕೆಲಸವಷ್ಟೇ ಉಳಿದಿರುತ್ತದೆ. ಮೊದಲ ಸಾಲು ಬರೆಯುವಾಗಲೇ ಅವರು ನಿಮ್ಮ ಜೊತೆ ಕೂತಿರಬೇಕು.

ಕೆನಡಾದಲ್ಲಿ ಕ್ವಿಬೆಕ್ ಪ್ರಾಂತ್ಯದ ಉತ್ತರ ತುದಿಯ ಮೂಲನಿವಾಸಿಗಳಾದ ಇನುಯಿಟ್ ಹೆಂಗಸರಿಗೆ ಏನಾಯಿತು ಅಂತ ಓದಿ ನೋಡು. ದಿನ ತುಂಬುವುದಕ್ಕೆ ವಾರಗಟ್ಟಲೆ ಮುಂಚೆಯೇ ಗರ್ಭಿಣಿಯರನ್ನು ವಿಮಾನ ಹತ್ತಿಸಿ ದಕ್ಷಿಣದ ಆಸ್ಪತ್ರೆಗಳಿಗೆ ಕಳಿಸುತ್ತಿದ್ದರು. ತಾಯಿ ಮಗು ಕ್ಷೇಮವಾಗಿರಲಿ ಎಂಬ ಉದ್ದೇಶವೇನೋ ಒಳ್ಳೆಯದೇ. ಆದರೆ ಗಂಡ, ಅಮ್ಮ, ಮನೆಯಲ್ಲಿ ಬಿಟ್ಟುಬಂದ ಮಕ್ಕಳು ಎಲ್ಲರೂ ದೂರ. ಸುತ್ತಲಿನವರಿಗೆ ಅವಳ ಮಾತು ತಿಳಿಯದು. ಬೇನೆಯನ್ನು ಒಬ್ಬಳೇ ತಿನ್ನಬೇಕು. ಇತ್ತ ಊರಿನ ಹಿರಿಯ ಸೂಲಗಿತ್ತಿಯರ ಅನುಭವ ಕಲಿಯುವವರಿಲ್ಲದೆ ಕಳೆದುಹೋಗುತ್ತಿತ್ತು. ಹೆಂಗಸರು ಪಟ್ಟು ಹಿಡಿದರು. 1986ರಲ್ಲಿ ಅಲ್ಲಿನ ಪುವಿರ್ನಿಟುಕ್ ಎಂಬ ಊರಿನಲ್ಲಿ ಹೆರಿಗೆ ಕೇಂದ್ರ ತೆರೆಯಿತು, ಇನುಯಿಟ್ ಹೆಣ್ಣುಮಕ್ಕಳೇ ಅಲ್ಲಿ ತರಬೇತಿ ಪಡೆದು ಸೂಲಗಿತ್ತಿಯರಾದರು. ಯಾರು ಊರಲ್ಲೇ ಹೆರಬಹುದು, ಯಾರನ್ನು ದಕ್ಷಿಣಕ್ಕೆ ಕಳಿಸಬೇಕು ಎಂಬುದನ್ನು ಸೂಲಗಿತ್ತಿಯರು, ವೈದ್ಯರು, ನರ್ಸ್‌ಗಳು ಒಟ್ಟಿಗೆ ಕೂತು ಒಬ್ಬೊಬ್ಬರ ಫೈಲ್ ನೋಡಿ ನಿರ್ಧರಿಸುವ ಪದ್ಧತಿ ಬಂತು. ತೊಡಕಿನ ಹೆರಿಗೆಗೆ ವಿಮಾನ ಇದ್ದೇ ಇದೆ. ನೀತಿ ಅಂದರೆ ಇದು ಕಣಮ್ಮ. ಆಸ್ಪತ್ರೆ ಗೋಡೆಗೆ ಅವರ ಚಿತ್ತಾರ ಬರೆಸಿ ಸಂಸ್ಕೃತಿಗೆ ಗೌರವ ಕೊಟ್ಟೆವು ಅನ್ನುವವರು ನಿನ್ನ ತಂಡದಲ್ಲೂ ಇರಬಹುದು, ಅದಕ್ಕೆ ಸಮಾಧಾನಪಟ್ಟುಕೊಳ್ಳಬೇಡ.

ನ್ಯೂಜಿಲೆಂಡಿನ ಮೂಲನಿವಾಸಿ ಮಾವೊರಿ ಸಮುದಾಯದ ನರ್ಸ್ ಇರಿಹಾಪೆಟಿ ರಾಮ್ಸ್‌ಡನ್ ಅವರ ಬರಹಗಳನ್ನು ತಪ್ಪದೆ ಓದು. ಆರೈಕೆ ತನಗೆ ಸುರಕ್ಷಿತ ಅನ್ನಿಸಿತೇ ಎಂದು ಹೇಳುವ ಹಕ್ಕು ಆರೈಕೆ ಪಡೆದವರದು ಎಂಬ ಅವರ ವಾದ 1992ರಲ್ಲಿ ಆ ದೇಶದ ನರ್ಸಿಂಗ್ ಶಿಕ್ಷಣದೊಳಕ್ಕೇ ಬಂತು. ನಿಮ್ಮ ಮೌಲ್ಯಮಾಪನದ ನಮೂನೆಯಲ್ಲಿ ಆ ಪ್ರಶ್ನೆಗೆ ಜಾಗವಿದೆಯೇ?

ಸಮೀಕ್ಷೆಯ ಮಾಹಿತಿ ಯಾರ ಕೈಯಲ್ಲಿರುತ್ತದೆ, ಹಣ ಖರ್ಚು ಮಾಡುವ ಅಧಿಕಾರ ಯಾರಿಗೆ ಎಂಬುದನ್ನೂ ಈಗಲೇ ಇತ್ಯರ್ಥ ಮಾಡಿಸು. ಆಮೇಲೆ ಯಾರೂ ಬಿಟ್ಟುಕೊಡುವುದಿಲ್ಲ. ಮೇಲಿನವರು ತಕರಾರು ತೆಗೆದರೆ ಮೂಲನಿವಾಸಿಗಳ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ 2007ರ ಘೋಷಣೆಯ 23ನೇ ವಿಧಿಯನ್ನು ಮುಂದಿಡು. ಆರೋಗ್ಯ ಕಾರ್ಯಕ್ರಮ ರೂಪಿಸುವುದರಲ್ಲಿ ಪಾಲ್ಗೊಳ್ಳುವುದು, ಆದಷ್ಟೂ ತಮ್ಮದೇ ಸಂಸ್ಥೆಗಳ ಮೂಲಕ ನಡೆಸುವುದು ಅವರ ಹಕ್ಕು ಅಂತ ಅದರಲ್ಲಿದೆ. ಮುಂದಿನ ಸಭೆಯ ದಿನಾಂಕವನ್ನು ಸಮುದಾಯದವರನ್ನು ಕೇಳಿಯೇ ಗೊತ್ತುಮಾಡು.

ಇಂತಿ,
ನಿನ್ನ ದೊಡ್ಡಪ್ಪ