ಯಾವ ಡ್ಯಾಶ್‌ಬೋರ್ಡ್ ಅಂತ ಬಿಡಿಸಿ ಬರೆಯಿರಿ

ಗುಂಪಿನ ಚಾಲಕ ಮಿತ್ರರಿಗೆ ನಮಸ್ಕಾರ.

‘ಡ್ಯಾಶ್‌ಬೋರ್ಡಲ್ಲಿ ಕೆಂಪು ಬರ್ತಿದೆ, ಏನ್ ಮಾಡ್ಲಿ?’ ಅಂತ ಮೆಸೇಜ್ ಬಂದರೆ ಒಬ್ಬರು ಗಾಡಿ ನಿಲ್ಸಿ ಅಂತಾರೆ, ಇನ್ನೊಬ್ಬರು ಲಾಗ್‌ಔಟ್ ಮಾಡಿ ನೋಡಿ ಅಂತಾರೆ. ಗಾಡಿಯ ಮೀಟರ್ ಫಲಕಕ್ಕೂ ಬುಕಿಂಗ್, ಗಳಿಕೆ ತೋರಿಸುವ ಆ್ಯಪ್ ಪುಟಕ್ಕೂ ಒಂದೇ ಹೆಸರಿರೋದರಿಂದ ಈ ಗೊಂದಲ. ಆ್ಯಪ್‌ದಾದರೆ ‘ಆ್ಯಪ್ ಡ್ಯಾಶ್‌ಬೋರ್ಡ್’ ಅಂತಲೇ ಬರೆದು ಸ್ಕ್ರೀನ್‌ಶಾಟ್ ಹಾಕಿ. ಅದನ್ನು ಸಂಜೆ ನೋಡಿದರೂ ನಡೆಯುತ್ತೆ.

ಗಾಡಿಯದ್ದು ಹಾಗಲ್ಲ. ಎಣ್ಣೆ ಕ್ಯಾನಿನ ಕೆಂಪು ಗುರುತು ಓಡಿಸುವಾಗ ಹತ್ತಿಕೊಂಡರೆ ಆಯಿಲ್ ಪ್ರೆಷರ್ ಇಳಿದಿದೆ ಅಂತ ಅರ್ಥ. ಪಕ್ಕಕ್ಕೆ ಹಾಕಿ ತಕ್ಷಣ ಎಂಜಿನ್ ಆಫ್ ಮಾಡಿ. ಶ್ರೀರಂಗಪಟ್ಟಣದವರೆಗೆ ಹೇಗೋ ಹೋಗಿಬಿಡೋಣ ಅನ್ನಬೇಡಿ, ಅಷ್ಟರಲ್ಲಿ ಬೇರಿಂಗ್ ಹೋಗಿರಬಹುದು. ಥರ್ಮಾಮೀಟರ್ ಗುರುತು ಕೆಂಪಾದರೂ ನಿಲ್ಲಿಸಲೇಬೇಕು. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಲೇಬೇಡಿ, ಕುದಿಯೋ ನೀರು ಮುಖಕ್ಕೇ ಚಿಮ್ಮುತ್ತೆ. ಫುಲ್ ಲೋಡಲ್ಲಿ ಚಾಮುಂಡಿ ಬೆಟ್ಟ ಹತ್ತಿಸುವವರು ಇದರ ಮೇಲೆ ಕಣ್ಣಿಟ್ಟಿರಿ. ಹಳದಿ ಎಂಜಿನ್ ಗುರುತು ಸ್ಥಿರವಾಗಿದ್ದರೆ ಟ್ರಿಪ್ ಮುಗಿಸಿ ಮೆಕ್ಯಾನಿಕ್‌ಗೆ ತೋರಿಸಬಹುದು. ಮಿಣಮಿಣ ಅಂದರೆ ವೇಗ ತಗ್ಗಿಸಿ, ಬೇಗ ನಿಲ್ಲಿಸಿ.

ಅಂದಹಾಗೆ, ಡ್ಯಾಶ್‌ಬೋರ್ಡ್ ಅನ್ನೋ ಹೆಸರು ಎಲ್ಲಿಂದ ಬಂತು ಅಂತ ಹುಡುಗರು ಕೇಳಿದ್ದಕ್ಕೆ: ಈ ಹೆಸರು ಮೊದಲು ಇದ್ದದ್ದು ಕುದುರೆ ಗಾಡಿಯ ಒಂದು ಭಾಗಕ್ಕೆ. ಗೊರಸಿನಿಂದ ಎರಚುವ ಕೆಸರು ಕೂತವರ ಮೈಗೆ ಬೀಳದಿರಲಿ ಅಂತ ಮುಂದೆ ಹಾಕುತ್ತಿದ್ದ ಮರದ ಅಥವಾ ಚರ್ಮದ ಅಡ್ಡ ಹಲಗೆ ಅದು. ಮೋಟಾರು ಬಂದಮೇಲೆ ಮೀಟರುಗಳು ಆ ಜಾಗಕ್ಕೆ ಬಂದವು.

ಗಾಡಿಯ ಡ್ಯಾಶ್‌ಬೋರ್ಡಲ್ಲಿ ಹತ್ತಿದ ಗುರುತಿನ ಫೋಟೊ, ಗಾಡಿ ಮಾಡೆಲ್, ಎಲ್ಲಿದ್ದೀರಿ ಅನ್ನೋದು, ಈ ಮೂರನ್ನೂ ಒಟ್ಟಿಗೆ ಕಳಿಸಿ. ಗಾಡಿ ನಿಲ್ಲಿಸಿದ ಮೇಲೆ ಮಾತ್ರ.